ಟಿಕೇಟಿಲ್ಲದ ದಿನ

ಹದಿನೆಂಟು ವರ್ಷವಾಯಿತು ಈ ಬಾಗಿಲಲ್ಲಿ ನೇತಾಡಿ.
ನಾಣ್ಯವನ್ನು ನಾನು ನೋಡುವುದಿಲ್ಲ,
ಐದು ಯಾವುದು ಎರಡು ಯಾವುದು ಹೆಬ್ಬೆರಳಿಗೇ ಗೊತ್ತು.
ಹಾಗಾಗಿ ಕಣ್ಣಿನ ಬಗ್ಗೆ ಹೆಚ್ಚು ಯೋಚಿಸಿದವನಲ್ಲ.

ಕಲ್ಲಾಪಿನಲ್ಲಿ ಹತ್ತುತ್ತಿದ್ದಳು ಪಿಯುಸಿಯ ನುಸೈಬಾ.
ಬಸ್ಸು ಮೂಗಿನೆದುರೇ ನಿಂತರೂ ಕೇಳುವಳು:
"ಇದು ಸ್ಟೇಟ್‌ಬ್ಯಾಂಕಾ?"
ಬೋರ್ಡು ಅಷ್ಟು ದೊಡ್ಡದುಂಟು, ಕೆಂಪಕ್ಷರ,
ಓದುವ ಹುಡುಗಿ, ದಿನಾ ಅದೇ ಪ್ರಶ್ನೆ.
ಒಮ್ಮೆ ಹೇಳಿಯೇಬಿಟ್ಟೆ, ಹಿಂದಿನ ಸೀಟಿಗೂ ಕೇಳುವ ಹಾಗೆ:
"ಅಲ್ಲ ಮಾರಾಯ್ತಿ, ದುಬಾಯಿಗೆ ಹೋಗ್ತದೆ."
ಬಸ್ಸಿಡೀ ನಕ್ಕಿತು. ಅವಳೂ ನಕ್ಕಳು,
ನನ್ನ ಕಡೆಗಲ್ಲ,
ನನ್ನ ಪಕ್ಕದ ಕಂಬದ ಕಡೆಗೆ.

ಆಗಲೇ ತಿಳಿಯಬೇಕಿತ್ತು.

ಆಮೇಲೆ ಅವಳ ಉಮ್ಮ ಬಂದರು,
ಬೀಡಿ ಎಲೆಯ ವಾಸನೆಯ ಕೈಯಲ್ಲಿ
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆಸ್ಪತ್ರೆಯ ಚೀಟಿ.
ಕಣ್ಣಿನ ಗಾಜು ಉಬ್ಬಿ ಮೊನಚಾಗಿದೆಯಂತೆ,
ಇನ್ನೊಬ್ಬರದ್ದು ಕೂರಿಸಬೇಕಂತೆ.
ಒಂದು ಲಕ್ಷದ ನಲವತ್ತು ಸಾವಿರ.
ಬೀಡಿಯಲ್ಲಿ ಲೆಕ್ಕ ಹಾಕಲು ಹೊರಟ ಡ್ರೈವರ್ ಐವನಣ್ಣ
ಅರ್ಧಕ್ಕೆ ಬಿಟ್ಟು, ಮುಖ ಒರೆಸಿಕೊಂಡರು.

ಡೀಸೆಲ್ ನನ್ನದು ಎಂದರು ಧನಿಗಳು.
ಆ ದಿನದ ಸಂಬಳ ಬೇಡ ಎಂದೆವು ನಾವು.
ಬಸ್ಸಿನ ಮೂತಿಗೆ ಬ್ಯಾನರು, ಬ್ಯಾನರಿನಲ್ಲಿ ಅವಳ ಫೋಟೋ.
ಫೋಟೋ ಬೇಡ ಎಂದಿದ್ದಳು ಹುಡುಗಿ.
ಮುಖ ಕಾಣದೆ ಯಾರು ಕೊಡ್ತಾರೆ ಎಂದೆವು.
ಅದು ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ.
ಅವಳು ಅಂದು ಕಾಲೇಜಿಗೆ ಬರಲಿಲ್ಲ.

ಟಿಕೇಟು ಹರಿಯಲಿಲ್ಲ. ಕೈಯಲ್ಲಿ ಬಣ್ಣದ ಖಾಲಿ ಡಬ್ಬ.
ದಕ್ಕೆಯಿಂದ ಬರುವ ಗುಲಾಬಿಯಕ್ಕ ಕೊಟ್ಟ ನೂರರ ನೋಟು
ಒದ್ದೆ, ಬೂತಾಯಿಯ ಪೊರೆ ಅಂಟಿ ಮಿನುಗುತ್ತಿತ್ತು.
ಐನೂರು ಹಾಕಿದವರೊಬ್ಬರು
ನಾನೂರೆಂಬತ್ತು ವಾಪಸು ಕೇಳಿದರು.
ಕೊಟ್ಟೆ, ಚಿಲ್ಲರೆ ಕೊಡುವುದು ನನ್ನ ಕೆಲಸ.
ಬ್ಯಾನರಿನ ಹೆಸರು ಓದಿ
ಹಿಂದಿನ ಬಸ್ಸಿಗೆ ಕಾದವರೂ ಇದ್ದರು.
ಅವರ ಕಣ್ಣು ಸರಿ ಇತ್ತು.
ಪಾಸಿನ ಹುಡುಗನೊಬ್ಬ, ಕಿಸೆಯಲ್ಲಿ ಬೇರೇನೂ ಇಲ್ಲದೆ,
ಉಪ್ಪಿನ ನೆಲ್ಲಿಕಾಯಿ ಹಾಕಿ ಓಡಿದ.

ಸೇತುವೆ ಮೇಲೆ ದಿನಾ ಕಿಟಕಿಯಿಂದ
ನೇತ್ರಾವತಿಗೆ ನಾಣ್ಯ ಎಸೆಯುವ ಅಜ್ಜಿ,
ಕೈ ಎತ್ತಿದವರು ಹಾಗೆಯೇ ನಿಂತರು.
ಹೊಳೆ ನೋಡಿದರು, ಡಬ್ಬ ನೋಡಿದರು.
ಸೇತುವೆ ಮುಗಿಯಿತು.
"ಅವಳಿಗೆ ನಾಳೆ ಕೊಟ್ಟರಾಯಿತು, ಹೆಸರಲ್ಲೇ ಕಣ್ಣುಂಟಲ್ಲ"
ಎಂದು ಡಬ್ಬಕ್ಕೇ ಹಾಕಿದರು.

ರಾತ್ರಿ ಬಸ್ಸಿನ ಮಂಕು ದೀಪದಲ್ಲಿ ಎಣಿಸಿದೆವು:
ನಲವತ್ತೊಂದು ಸಾವಿರದ ಮುನ್ನೂರೆಂಬತ್ತು,
ಒಂದು ನೆಲ್ಲಿಕಾಯಿ.
ನೆಲ್ಲಿಕಾಯಿ ನಾನು ತಿಂದೆ, ನೀರು ಸಿಹಿಯಾಯಿತು.
ಉಳಿದದ್ದು ಹೇಗೋ ಸೇರಿತು:
ಬೇರೆ ಎರಡು ಬಸ್ಸು, ಗಲ್ಫಿನ ಯಾರೋ,
ಆಸ್ಪತ್ರೆ ಸ್ವಲ್ಪ ಬಿಟ್ಟಿತು,
ಉಮ್ಮನ ಕಿವಿಯದ್ದು ಸ್ವಲ್ಪ ಹೋಯಿತು.

ಆಮೇಲೂ ಕಾಯಬೇಕಿತ್ತು.
ಯಾರಾದರೂ ಸಾಯಲಿ ಎಂದಲ್ಲ,
ಸತ್ತವರು ಮೊದಲೇ ಬರೆದಿಟ್ಟಿರಲಿ ಎಂದು.
ಸಿಕ್ಕಿತು. ಹೆಸರು ಹೇಳುವುದಿಲ್ಲವಂತೆ.
ಆ ಕಣ್ಣೂ ಯಾವತ್ತೋ ನನ್ನ ಬೋರ್ಡು ಓದಿ
ಕೈ ಅಡ್ಡ ಹಿಡಿದಿರಬಹುದು.

ನಾಲ್ಕು ತಿಂಗಳ ಮೇಲೆ, ಕಲ್ಲಾಪು.
ಕಪ್ಪು ಕನ್ನಡಕ ತೆಗೆದು ತಲೆ ಎತ್ತಿದಳು,
ತುಟಿ ಅಲ್ಲಾಡಿತು, ಬೋರ್ಡು ಓದಿದಳು,
ಏನೂ ಕೇಳದೆ ಹತ್ತಿದಳು.

ನಾನು ಅಂದು ಮೀಸೆ ಕತ್ತರಿಸಿಕೊಂಡಿದ್ದೆ, ಸುಳ್ಳು ಹೇಳುವುದಿಲ್ಲ.
ಅವಳು ನನ್ನ ಮುಖ ನೋಡಿದಳು,
ಪರವೂರಿನ ಕಂಡಕ್ಟರನ ಮುಖ ನೋಡುವ ಹಾಗೆ.
"ಜ್ಯೋತಿ ಒಂದು" ಎಂದಳು. ಸರಿಯಾದ ಚಿಲ್ಲರೆ.
ಆಗ ಹೊಳೆಯಿತು,
ಅವಳಿಗೆ ಗೊತ್ತಿದ್ದದ್ದು ನನ್ನ ಗಂಟಲು ಮಾತ್ರ,
ಆ ದುಬಾಯಿಯ ಗಂಟಲು.

"ರೈಟ್ ಪೋಯಿ" ನುಂಗಿದೆ.
ನಾಣ್ಯದಿಂದ ತಗಡು ಬಡಿದೆ, ಒಂದಲ್ಲ, ಮೂರು ಸ್ಟಾಪು.
ಕನ್ನಡಿಯಲ್ಲಿ ಐವನಣ್ಣ ಹುಬ್ಬು ಹಾರಿಸಿದರು:
ಎಂತ, ಶೀತವಾ?

ಪಂಪ್‌ವೆಲ್ ಬಂತು. ಎಷ್ಟು ಹೊತ್ತು ಅಂತ.
ಕೂಗಿದೆ.
ಅವಳು ತಿರುಗಿದಳು,
ಕಂಬದ ಕಡೆಗಲ್ಲ.

ಅಷ್ಟರಲ್ಲಿ ಜನ ನುಗ್ಗಿದರು, ನಡುವೆ ಯಾರದೋ ಕೊಡೆ,
ನಕ್ಕಳೋ ಇಲ್ಲವೋ
ನನಗೆ ಕಾಣಲಿಲ್ಲ.