ಶಿರವಾಡದ ತಕ್ಕಡಿ

ಗೇಟಿನ ಗುನಗಿಗೆ ನನ್ನ ಮುಖ ಬಾಯಿಪಾಠ.
ಸೈಕಲ್ಲಿನ ಬ್ರೇಕು ಕಿರುಗುಡುವ ಮೊದಲೇ ಕೈ ಅಡ್ಡ:
"ಒಳಗೆ ಬಂದದ್ದು ಹೊರಗೆ ಹೋಗೂದಿಲ್ಲ ಮಾರಾಯಾ,
ಮಸಣಕ್ಕೆ ತಂದದ್ದನ್ನ ತಿರುಗಿ ಹೊತ್ತವರುಂಟೋ?"

ಉಂಟಲ್ಲ! ಇಪ್ಪತ್ತಾರು ವರ್ಷ
ಕೋಡಿಬಾಗದ ತಗಡಿನ ಅಂಗಡಿಯಲ್ಲಿ
ನಾನು ಉಂಡದ್ದೇ ಆ ಕೆಲಸದಿಂದ.

ಜಾಲರಿಯಾಚೆ ಗುಡ್ಡೆ:
ಹೊಟ್ಟೆ ಒಡೆದ ಟೀವಿ, ಹಲ್ಲುದುರಿದ ಕೀಬೋರ್ಡು,
ಯಾರದೋ ಮದುವೆಯ ಮಿಕ್ಸರು,
ಉಡುಗೊರೆ ಚೀಟಿ ಇನ್ನೂ ಬಿಟ್ಟಿಲ್ಲ.
ಅಡಿಯಲ್ಲಿ, ಬೆನ್ನು ತಿರುಗಿಸಿ ಮಲಗಿದೆ
ಮೀನು ಕಾಣುವ ಯಂತ್ರ. ಹಸಿರು ಡಬ್ಬ.
ಎಡಮೂಲೆಗೆ ಸ್ಕ್ರೂ ಸಿಗದೆ
ಕೊಡೆಯ ಕಡ್ಡಿ ಕತ್ತರಿಸಿ, ಅರದಿಂದ ಹಲ್ಲು ಕೊರೆದು
ತಿರುಗಿಸಿದವನು ನಾನೇ.

ರೋಹಿದಾಸ ತಾಂಡೇಲನ ದೋಣಿಯಲ್ಲಿ ಅದರ ಜೋಡಿ
ಬೋರ್ಡು ಸುಟ್ಟು ಕುರುಡಾಗಿ ಕೂತಿದೆ.
ಕಂಪನಿ ಆ ಮಾದರಿಯನ್ನು ಮರೆತು ಹನ್ನೊಂದು ವರ್ಷ.
ಬಂದಿ ಮುಗಿಯಲು ನಾಲ್ಕೇ ದಿನ; ಬೈತಖೋಲದಲ್ಲಿ
ಬಲೆಗೆ ಸೀಸದ ಗುಂಡು ಕಟ್ಟುತ್ತಿದ್ದಾರೆ.

ಒಳಗೆ ಮೇತ್ರಿಬಾಯಿ ಚಹ ಕೊಟ್ಟರು, ರಿಜಿಸ್ಟರು ತೋರಿಸಿದರು.
ಬಂದ ತೂಕ. ಹೋಗುವ ತೂಕ.
"ಶುಕ್ರವಾರ ಹುಬ್ಬಳ್ಳಿಯ ಲಾರಿ. ಪುಡಿ ಮಾಡಿ
ಪುಡಿಯಾಯಿತೆಂದು ಸರ್ಟಿಫಿಕೇಟು ಕಳಿಸುತ್ತಾರೆ.
ಒಂದು ಕಿಲೋ ಕಮ್ಮಿ ಬಿದ್ದರೆ ನನ್ನ ಸಂಬಳದಲ್ಲಿ ಮುರಿಯುತ್ತಾರೆ."

ಕಾಯಿದೆ ಕೆಟ್ಟದ್ದೆನ್ನಲಾರೆ.
ಇದೇ ವೈರುಗಳನ್ನು ಕಾಳಿಯ ದಂಡೆಯಲ್ಲಿ ಸುಟ್ಟು
ತಾಮ್ರ ಹೆಕ್ಕುತ್ತಿದ್ದ ಕಾಲದ ಹೊಗೆ
ನನ್ನ ಕೆಮ್ಮಿನಲ್ಲಿ ಇನ್ನೂ ಇದೆ.

ತೂಕವೇ ತಾನೇ?
ಮರುದಿನ ಚೀಲ ತುಂಬಿ ಒಯ್ದೆ:
ಸತ್ತ ಚಾರ್ಜರು ಏಳು, ರಿಮೋಟು ಮೂರು, ಸ್ಪೀಕರಿನ ಅಯಸ್ಕಾಂತ.
ನಲವತ್ತು ಗ್ರಾಂ ಸಾಲಲಿಲ್ಲ.
ಜೇಬಿನಿಂದ ನನ್ನ ಸೋಲ್ಡರ್ ಕಡ್ಡಿ ತೆಗೆದು ಮೇಲಿಟ್ಟೆ,
ಮುಳ್ಳು ನಿಂತಿತು.
ಮೇತ್ರಿಬಾಯಿ ಮುಳ್ಳು ನೋಡಿದರು, ನನ್ನನ್ನು ನೋಡಿದರು,
"ಬೇಗ" ಎಂದರು, ಅಷ್ಟೇ.

ಡಬ್ಬ ಎಳೆದು ಮಗುಚಿದೆ.
ಎದೆಯ ನಡುವೆ ಹೆಬ್ಬೆರಳ ಗಾತ್ರದ ತೂತು.
ಬಂದ ದಿನವೇ ಡ್ರಿಲ್ ಹಾಕುತ್ತಾರಂತೆ,
ಯಾರೂ ಮತ್ತೆ ಬಳಸಬಾರದೆಂದು.
ಬೋರ್ಡಿನ ಆರು ದಾರಿಗಳೂ ಆ ತೂತಿಗೇ ಬಂದು ನಿಂತಿದ್ದವು.

ಕಡ್ಡಿ ವಾಪಸು ಕೇಳಿದೆ.
ಗುನಗಿ ತಲೆ ಆಡಿಸಿದ. "ಒಳಗೆ ಬಂದದ್ದು..."
ಮುಂದಿನದು ನನಗೂ ಬಾಯಿಪಾಠ.

ರೋಹಿದಾಸ ಬೈಯಲಿಲ್ಲ. ಸೊಸೈಟಿಯಲ್ಲಿ ಸಾಲ ಮಾಡಿ
ಬಣ್ಣದ ಪರದೆಯ ಹೊಸದನ್ನು ತಂದ,
ಹಳೆಯದನ್ನು ನನ್ನ ಮೇಜಿಗಿಟ್ಟು ಕೇಳಿದ:
"ಇದನ್ನು ಎಲ್ಲಿ ಹಾಕೂದು, ಶಿರವಾಡಕ್ಕೋ?"
ಬೇಡ ಮಾರಾಯಾ, ಎಂದೆ. ಇಲ್ಲೇ, ಕಾಲಡಿಗೆ ಸರಿಸು.

ಸಂಜೆ ಅಂಗಿ ಕಳಚುವಾಗ ನೆಲಕ್ಕೆ ಟಿಣ್ಣೆಂದಿತು
ಕೊಡೆಕಡ್ಡಿಯ ಆ ಸ್ಕ್ರೂ.
ಯಾವಾಗ ಬಿಚ್ಚಿದ್ದೆನೋ.
ಅಂಗಡಿಯ ತಕ್ಕಡಿಗೆ ಹಾಕಿ ನೋಡಿದೆ:
ಮುಳ್ಳು ಅಲುಗಲೇ ಇಲ್ಲ.