ನಾಲ್ಕನೇ ನಂಬರು

ಮೂವತ್ತೊಂದು ವರ್ಷ ಗಾಜಿನ ಹಿಂದೆ ಕೂತು
ಟಿಕೆಟು ಹರಿದು ಕೊಟ್ಟವಳು ನಾನು, ಡಿಂಪ್ನಾ ಕೆಲೆಹರ್,
ಟಿಪ್ಪರರಿಯ ಒಂದು ನಾಯಿರೇಸಿನ ಮೈದಾನದಲ್ಲಿ.
ನನ್ನ ಕಿಟಕಿಯಿಂದ ಓಟ ಕಾಣುತ್ತಿರಲಿಲ್ಲ.
ಕಾಣುತ್ತಿದ್ದದ್ದು ಕೈಗಳು: ಟಾರು ಮೆತ್ತಿದವು,
ಉಂಗುರ ಕಳಚಿಟ್ಟವು, ಮಳೆಗೆ ಮೆತ್ತಗಾದ
ಐದರ ನೋಟು ಚಾಚಿದವು.
"ನಾಲ್ಕರ ಮೇಲೆ ಐದು" ಅನ್ನುವರು. ನಾಲ್ಕೆಂದರೆ ಕಪ್ಪು ಅಂಗಿ.
ಅಷ್ಟೇ. ಅದಕ್ಕೊಂದು ಮೂಗಿದೆ, ಉಗುರಿದೆ ಎಂದು
ಯೋಚಿಸಲು ಯಾರೂ ಸಂಬಳ ಕೊಡುತ್ತಿರಲಿಲ್ಲ.
ಗಂಟೆ. ಕಿಟಕಿ ಮುಚ್ಚು. ಇಪ್ಪತ್ತೊಂಬತ್ತು ಸೆಕೆಂಡು
ಕೂಗು. ಆಮೇಲೆ ನೆಲದ ತುಂಬ ಕಾಗದದ ಚೂರು.

ಈಗ ಇವನು ನನ್ನ ಅಡುಗೆಮನೆಯಲ್ಲಿ
ಕುದುರೆಯ ಹಾಗೆ ನಿಂತೇ ಇದ್ದಾನೆ, ಮುಕ್ಕಾಲು ಗಂಟೆಯಿಂದ.
ಹತ್ತು ವರ್ಷ. ಮೂತಿಗೆ ಹಿಟ್ಟು ಮೆತ್ತಿದಂತೆ ನರೆ.
ತೊಡೆಯ ಹಿಂದೆ ಕೂದಲು ಸವೆದು
ಹಳೆಯ ಕೋಟಿನ ಮೊಣಕೈ.
ಕಿವಿಯೊಳಗೆ ಹಸಿರು ಹಚ್ಚೆ; ಮಗುಚಿ, ಕನ್ನಡಕ ಹಾಕಿ ಓದಿದೆ,
ಚೆಕ್ಕಿನ ಹಿಂಬದಿ ಓದುವ ಹಾಗೆ.
ರೇಸಿನ ಪಟ್ಟಿಯಲ್ಲಿ ನಾಕ್‌ರೋ ಲೈಟ್ನಿಂಗ್,
ಕೊಟ್ಟಿಗೆಯಲ್ಲಿ ಡಿನ್ನಿ.
ಓಟ ಮುಗಿದ ಮೇಲೂ ಆರು ವರ್ಷ ಅದೇ ತಗಡಿನಡಿ ಇದ್ದನಂತೆ.
ಸಾಕಿದ ಮುದುಕ ಸತ್ತ. ಮಕ್ಕಳು ತಗಡು ಮಾರಿದರು.
"ಚಿಕ್ಕ ವಯಸ್ಸಿನವು ಬೇಕಾದಷ್ಟಿವೆ, ನೋಡಿ" ಅಂದಳು ಅಲ್ಲಿನ ಹುಡುಗಿ.
ನನಗೆ ಅರವತ್ತೆಂಟು. ಲೆಕ್ಕ ಬರುತ್ತದೆ ನನಗೆ.

ಮನೆ ಎಂಬುದೇ ಇವನಿಗೆ ಗೊತ್ತಿಲ್ಲ.
ಫ್ರಿಜ್ಜು ಗುರ್ರೆಂದರೆ ನಡುಗುತ್ತಾನೆ.
ಹಿತ್ತಿಲ ಬಾಗಿಲನ್ನು ಬರಿಯ ಬೆಳಕೆಂದು ನಂಬಿ
ಮೂಗು ಜಜ್ಜಿಕೊಂಡು
ನಾನೇ ಹೊಡೆದೆನೋ ಎಂಬಂತೆ ನೋಡುತ್ತಾನೆ.
ಗಾಜು ಮೋಸ, ಡಿನ್ನಿ. ನನ್ನನ್ನು ಕೇಳು.

ಮೆಟ್ಟಿಲು ಮಾತ್ರ ಒಲ್ಲೆನೆಂದ.
ಮೂರು ದಿನ ಒಂದೊಂದು ಮೆಟ್ಟಿಲಿಗೆ ಒಂದೊಂದು ಚೀಸಿನ ತುಂಡಿಟ್ಟೆ.
ಕತ್ತು ಚಾಚಿ ಮೂರನೆಯದರ ತನಕ ತಿಂದ,
ಕಾಲು ನಾಲ್ಕೂ ನೆಲದಲ್ಲೇ.
ಮಿಕ್ಕದ್ದನ್ನು ಹತ್ತಿ ಹೆಕ್ಕುವಾಗ ನನ್ನ ಮಂಡಿ ಅಂದಿತು:
ಅವನು ಹೇಳುವುದರಲ್ಲಿ ತಪ್ಪೇನಿದೆ?
ನಾಲ್ಕನೆಯ ದಿನ ನನ್ನ ಹಾಸಿಗೆ ಕೆಳಗೆ ಬಂತು.

ಪಕ್ಕದ ಮನೆಯ ಮ್ಯಾಲಕಿ ಹೊಗಾನ್ ಬೇಲಿಯ ಮೇಲಿಂದ ಬಗ್ಗಿ ನೋಡಿದ.
"ಲೈಟ್ನಿಂಗಾ ಇವನು? ನನ್ನ ಎಂಬತ್ತು ಯೂರೋ ನುಂಗಿದ ಕಳ್ಳ!
ಕೊನೆಯ ತಿರುವಲ್ಲಿ ಅಗಲಕ್ಕೆ ಹೋದ ಕಣೇ,
ಪೇಟೆ ನೋಡಲು ಹೊರಟವನ ಹಾಗೆ."
ಟಿಕೆಟು ಕೊಟ್ಟವಳು ನಾನೇ ಇರಬೇಕು.
ನೆನಪಿಸಿಕೊಳ್ಳಲು ನೋಡಿದೆ: ಒದ್ದೆ ನೋಟು, ಕೈ, ನಾಲ್ಕು.
ಇವನು ಅಲ್ಲಿ ಎಲ್ಲೂ ಇಲ್ಲ.
ಸಂಜೆ ಮ್ಯಾಲಕಿ ಬಾಗಿಲು ಬಡಿದ, ಕೈಯಲ್ಲೊಂದು ಸಾರ್ಡೀನಿನ ಡಬ್ಬಿ.
"ಸಾಲ ಚುಕ್ತಾ ಅಂತ ಹೇಳು ಅವನಿಗೆ."

ನವೆಂಬರಿನಲ್ಲಿ ಡಾಕ್ಟರು ಬಾಲಕ್ಕೊಂದು ಲಳಿಗೆ ಕಟ್ಟಿದಳು.
ಡೊಂಕು ತಿದ್ದಲಿಕ್ಕಲ್ಲ. ನಾನು ಅಂಗಡಿಯಿಂದ ಬಂದಾಗಲೆಲ್ಲ
ಆಡಿಸಿ ಆಡಿಸಿ ಬಾಗಿಲ ಚೌಕಟ್ಟಿಗೆ ಬಡಿದು
ತುದಿ ಒಡೆದಿತ್ತು.
ಗೋಡೆಗೆ ಚಿಮ್ಮಿದ ಕೆಂಪು ಚುಕ್ಕೆಗಳನ್ನು ಇನ್ನೂ ಒರೆಸಿಲ್ಲ.

ರಾತ್ರಿ ಕಣ್ಣು ತೆರೆದೇ ನಿದ್ದೆ ಹೋಗುತ್ತಾನೆ. ಮೊದಲ ವಾರ ಬೆಚ್ಚಿ
ಪಕ್ಕೆಯ ಮೇಲೆ ಕೈಯಿಟ್ಟು ಉಸಿರು ನೋಡುತ್ತಿದ್ದೆ.
ಈಗ ಗೊತ್ತು. ಎರಡರ ಸುಮಾರಿಗೆ ಒಂದು ಪಾದ ಅದುರುತ್ತದೆ,
ಆಮೇಲೆ ನಾಲ್ಕೂ; ತುಟಿಯೊಳಗೇ ಒಂದು ಪುಟ್ಟ ಬೊಗಳು.
ಓಡುತ್ತಿದ್ದಾನೆ. ಅಭ್ಯಾಸಬಲ, ಎಣಿಸುತ್ತೇನೆ.
ಇಪ್ಪತ್ತೆಂಟು. ಇಪ್ಪತ್ತೊಂಬತ್ತು. ಗೆದ್ದವರು ಗೆದ್ದಾಯಿತು.
ಮೂವತ್ತೈದು. ನಲವತ್ತು. ಇವನು ಇನ್ನೂ ಓಡುತ್ತಲೇ ಇದ್ದಾನೆ,
ಅಗಲಕ್ಕೆ, ಪೇಟೆ ನೋಡುತ್ತ,
ಆ ಸುಳ್ಳು ಮೊಲವನ್ನೂ ಬಿಟ್ಟು, ಬೇಲಿಯನ್ನೂ ಬಿಟ್ಟು, ಬಹುಶಃ.
ಎಣಿಕೆ ನಿಲ್ಲಿಸಿ ಕಂಬಳಿ ಎಳೆದು ಹೊದಿಸುತ್ತೇನೆ,
ಅರ್ಧ ಅವನಿಗೆ.

ಬೆಳಿಗ್ಗೆ ನೋಡಿದರೆ ಪೂರ್ತಿ ಅವನಿಗೆ.