ಮಂಜುಗಡ್ಡೆಯವನ ಹೆಂಡತಿ

ಮೂವತ್ತೊಂದು ವರ್ಷ ಬಯೂಮಿ
ಅಲೆಕ್ಸಾಂಡ್ರಿಯಾದ ಹೋಟೆಲುಗಳಿಗೆ ಐಸು ಹೊತ್ತ.
ಹೆಗಲ ಮೇಲೆ ಗೋಣಿ, ಗೋಣಿಯ ಮೇಲೆ ಗಡ್ಡೆ,
ಹಿಂಬಾಗಿಲಿಂದ ಒಳಗೆ, ಹಿಂಬಾಗಿಲಿಂದ ಹೊರಗೆ.
ಒಂದು ದಿನವೂ ಅಲ್ಲಿ ಕುರ್ಚಿ ಎಳೆದು ಕೂತವನಲ್ಲ.
ನಾನು ಅವನ ಅಂಗಿ ಒಗೆದವಳು.

ಅಂಗಿ ಹೇಳಿಬಿಡುತ್ತಿತ್ತು ಎಲ್ಲೆಲ್ಲಿ ತಿರುಗಿದ್ದ ಅಂತ.
ಕಾಲರಿನಲ್ಲಿ ಸುಟ್ಟ ತೌಡಿನ ಘಾಟಿದ್ದರೆ
ಬಹರಿಯ ಮೀನಿನವನು.
ತೋಳಲ್ಲಿ ಜೀರಿಗೆ, ಬೆಳ್ಳುಳ್ಳಿ, ಹಸಿಮೆಣಸಿದ್ದರೆ
ಟ್ರಾಮ್ ನಿಲ್ದಾಣದ ಪಕ್ಕ ಈಲಿ ಹುರಿಯುವವನು.
ಸಕ್ಕರೆ ಪಾಕ, ಹಳೇ ಮರ, ಕಾಫಿ ಗಸಿ: ಗ್ರೀಕರ ಕೆಫೆ,
ಅಲ್ಲಿ ಐಸು ಕಡಿಮೆ, ಮಾತು ಜಾಸ್ತಿ, ಬಾಕಿ ಇನ್ನೂ ಜಾಸ್ತಿ.

ಒಮ್ಮೆ ಮಲ್ಲಿಗೆ ವಾಸನೆ ಬಂತು.
ಮೂರು ದಿನ ಮಾತಾಡಲಿಲ್ಲ ನಾನು.
ಕಡಲ ರಸ್ತೆಯ ದೊಡ್ಡ ಹೋಟೆಲಿನಲ್ಲಿ ಮದುವೆಯೂಟವಂತೆ,
ಮೇಜಿನ ಹೂವು ಬಾಡದಿರಲು ಐಸು ಕೇಳಿದ್ದರಂತೆ,
ಇವನೇ ಹೂವಿನ ಬುಟ್ಟಿ ಎತ್ತಿಟ್ಟನಂತೆ.
ಅಂತೆ. ಇವತ್ತಿಗೂ ಅಷ್ಟೇ ಗೊತ್ತು ನನಗೆ.

ಈಗ ಎಲ್ಲರ ಹತ್ತಿರವೂ ಮಿಷನ್ನು,
ಗುಂಡಿ ಒತ್ತಿದರೆ ಗಡಗಡ ಉದುರುತ್ತದೆ ಐಸು.
ಬಯೂಮಿಯ ಬಲಹೆಗಲು ಎಡಕ್ಕಿಂತ ಎರಡು ಬೆರಳು ಕೆಳಗೆ,
ಕೋಟು ಹಾಕಿದರೆ ಎದ್ದು ಕಾಣುತ್ತದೆ.
ಆ ಗುರುವಾರ ಕೋಟು ಹಾಕಿ ನಿಂತ:
"ನಡೆ, ಇನ್ಸಾಫ್, ಮುಂಬಾಗಿಲು ಹೇಗಿದೆ ನೋಡಿಬರೋಣ."

ಬಹರಿಯಲ್ಲಿ ಗಾಜಿನ ಹಿಂದೆ ಸಾಲಾಗಿ ಮಲಗಿತ್ತು ಮೀನು.
ಇವನು ಮೀನು ನೋಡಲೇ ಇಲ್ಲ, ಐಸು ಚಿವುಟಿ ನೋಡಿದ.
"ಪೊಳ್ಳು. ಸಂಜೆಗೆಲ್ಲ ನೀರು."
ಅಂಗಡಿಯ ಹುಡುಗ ಹುಬ್ಬು ಗಂಟಿಕ್ಕಿ ತೂಕದ ತಟ್ಟೆ ಕುಕ್ಕಿದ.
ತೌಡು ಮೆತ್ತಿ ಸುಟ್ಟ ಬೂರಿ ಮೀನು, ಹೊರಗೆ ಇದ್ದಿಲು, ಒಳಗೆ ಹತ್ತಿ,
ಈರುಳ್ಳಿ ಕರಗಿ ಕಂದಾದ ಅನ್ನ, ಎಳ್ಳಿನ ತಹಿನಿ, ನಿಂಬೆ.
ತುತ್ತು ಬಾಯಿಗೆ ಬರುವ ಮೊದಲೇ ಮೂಗಿಗೆ ಬಂತು
ಎರಡನೆಯವಳು ಹುಟ್ಟಿದ ವರ್ಷದ ನೀಲಿ ಗೆರೆಯಂಗಿ.

ಈಲಿಯವನ ಬಳಿ ಕುರ್ಚಿಯೇ ಇಲ್ಲ.
ರಸ್ತೆಯಲ್ಲೇ ನಿಂತು ತಿಂದೆವು, ಕಾಗದದೊಳಗೆ ಬನ್ನು,
ಖಾರಕ್ಕೆ ನನ್ನ ಕಿವಿ ಬಿಸಿಯಾಯಿತು.
ನಿಂತು ತಿನ್ನುವುದರಲ್ಲಿ ಬಯೂಮಿಯನ್ನು ಮೀರಿಸುವವರಿಲ್ಲ.
ಗ್ರೀಕರ ಕೆಫೆ ಈಗ ಮೊಬೈಲಿನಂಗಡಿ.
ಬಾಕಿ ಯಾರನ್ನು ಕೇಳುವುದು?

ಮೂರನೇ ಗುರುವಾರ ಕಡಲ ರಸ್ತೆ.
ಕೈ ಹಿಡಿದು ಕರೆದೊಯ್ದ. ಓಣಿ, ಕಸದ ಡಬ್ಬಿ, ಬೆಕ್ಕುಗಳು,
ಜಿಡ್ಡು ಹತ್ತಿದ ತಗಡಿನ ಬಾಗಿಲು.
ಕಾಲಿಗೆ ಗೊತ್ತಿದ್ದ ದಾರಿ ಅದೊಂದೇ.
ನಾನಂದೆ: "ಇಸ್ತ್ರಿ ಮಾಡಿದ್ದು ಇದಕ್ಕಲ್ಲ."
ಹೆಗಲು ಹಿಡಿದು ತಿರುಗಿಸಿದೆ, ತಗ್ಗಿದ ಹೆಗಲನ್ನೇ.

ಬಿಳಿ ಬಟ್ಟೆಯ ಮೇಜು. ಕಿಟಕಿಯ ತುಂಬ ಸಮುದ್ರ.
ಹೂದಾನಿಯಲ್ಲಿ ಹೂವು, ಮುಟ್ಟಿ ನೋಡಿದೆ, ಪ್ಲಾಸ್ಟಿಕ್ಕು.
ಬಡಿಸುವ ಹುಡುಗನನ್ನು ಮೆಲ್ಲಗೆ ಕೇಳಿದೆ,
"ಇಲ್ಲಿ ಮದುವೆಗಳು ನಡೀತಿದ್ದವೇನಪ್ಪ?"
"ಗೊತ್ತಿಲ್ಲಮ್ಮ, ನಾನು ಬಂದು ಎರಡೇ ವರ್ಷ."
ಬಯೂಮಿ ಮುಳ್ಳು ಬಿಡಿಸುವುದರಲ್ಲಿ ಮುಳುಗಿದ್ದ,
ಅಥವಾ ಹಾಗೆ ಕಂಡ.
ಬಿಡಿಸಿದ ತುಂಡೆಲ್ಲ ನನ್ನ ತಟ್ಟೆಗೆ ಬಂತು.

ಬಿಲ್ಲು ಬಂದಾಗ ಕನ್ನಡಕ ಏರಿಸಿ ಓದಿದ.
ಮೀನು, ಅನ್ನ, ಉಪ್ಪಿನಕಾಯಿ, ನಿಂಬೆ ಶರಬತ್ತು ಎರಡು.
ಬೆರಳಿಟ್ಟು ಮೇಲಿಂದ ಕೆಳಗೆ ಇನ್ನೊಮ್ಮೆ ಬಂದ.
"ಐಸಿಗೆ ದುಡ್ಡು ಹಾಕಿಲ್ಲ," ಅಂದ,
"ಲೆಕ್ಕ ತಪ್ಪಿದೆ, ಕರೆಯೇ ಅವನನ್ನ."